ಹುಡುಗ್ಯಾರ ವಹಿ ಅವರಿಗೆ ತಿರುಗಿ ಕೊಡ್ರಿ

ಮಕ್ಕಳು ಬರೆದದ್ದನ್ನ ಕಸಗೊಂಡು ಓದೂದು ಪ್ರೀತಿ ಅಲ್ಲ, ಕಾಳಜಿನೂ ಅಲ್ಲ. ಅದಕ್ಕ ಎಂಥಾ ಛಲೋ ಹೆಸರು ಇಟ್ಟರೂ ಅದು ಝಡತಿನೇ. ಹಿಂಗಂದಕೂಡ್ಲೆ ನಮ್ಮ ಓಣ್ಯಾಗಿನ ನಾಲ್ಕು ಮಂದಿ ನನ್ನ ಮ್ಯಾಲೆ ಏರಿ ಬರ್ತಾರ ಅಂತ ಗೊತ್ತದ. ಬರ್ಲಿ. ಈ ಸಲ ಉಪ್ಪಿನಕಾಯಿ ಇಲ್ಲ, ಶೀಗಿ ಹುಣ್ಣಿಮಿ ಇಲ್ಲ, ಅತ್ತಿ-ಸೊಸಿ ಸುದ್ದಿನೂ ಇಲ್ಲ. ಸಿಟ್ಟು ಬಂದದ, ಸಿಟ್ಟನ್ನೇ ಬರೀತೀನಿ.

ನನ್ನ ತಂಗಿ ಮಗಳು ಪಿಯುಸಿ ಎರಡನೇ ವರ್ಷ, ಸೈನ್ಸ್. ಹಾಸ್ಟೆಲ್ಲಿನ್ಯಾಗ ಇರ್ತಾಳ. ಯಾವ ಊರು, ಯಾವ ಹಾಸ್ಟೆಲ್ ಅಂತ ಕೇಳಬ್ಯಾಡ್ರಿ, ಹೇಳೂದಿಲ್ಲ. ನಿಮ್ಮ ಮಕ್ಕಳು ಇರೂ ಹಾಸ್ಟೆಲ್ ಅಂತನೇ ತಿಳಕೋರಿ, ಭಾಳ ಫರಕ ಇರಲಿಕ್ಕಿಲ್ಲ. ಒಂದು ಖೋಲ್ಯಾಗ ಆರು ಹುಡುಗ್ಯಾರು. ಮುಂಜಾನೆ ಐದಕ್ಕ ಗಂಟಿ. ರವಿವಾರ ಟೆಸ್ಟ್, ಸೋಮವಾರ ಬೋರ್ಡಿನ ಮ್ಯಾಲೆ ರ‍್ಯಾಂಕು, ಹೆಸರು ಸಹಿತ. ಮೊಬೈಲ್ ಬಂದ್. ವಾರಕ್ಕೊಮ್ಮೆ ಆಫೀಸಿನ ಫೋನಿನಿಂದ ಮನಿಗೆ ಹತ್ತು ನಿಮಿಷ ಮಾತು, ಅದೂ ವಾರ್ಡನ್ ಬಾಯಾರ ಟೇಬಲ್ಲಿನ ಮುಂದ ನಿಂತು. ಹಂಗ ನಿಂತು ಯಾವ ಹುಡುಗಿ 'ಅವ್ವಾ, ನಂಗ ರಾತ್ರಿಯೆಲ್ಲಾ ಅಳು ಬರ್ತದ' ಅಂತಾಳ್ರಿ? 'ಆರಾಮ ಇದ್ದೀನಿ, ಚಕ್ಕಲಿ ಮುಗದಾವ' ಅಂತಾಳ. ನಾವೂ ಚಕ್ಕಲಿ ಕರದು ಕಳಸ್ತೀವಿ. ನಮ್ಮ ಜವಾಬ್ದಾರಿ ಮುಗೀತು.

ಆ ಖೋಲ್ಯಾಗ ಒಂದು ವಹಿ ಇತ್ತು. 200 ಪೇಜಿನ ಲಾಂಗ್‌ಬುಕ್. ಫಿಜಿಕ್ಸಿಗೆ ಅಂತ ತಂದದ್ದು, ಮಾಸ್ತರು ಬ್ಯಾರೆ ಜರ್ನಲ್ಲೇ ಬೇಕು ಅಂದ್ರಂತ, ಹಂಗ ಉಳದುಬಿಟ್ಟಿತ್ತು. ಯಾರಿಗೆ ಏನು ತ್ರಾಸು ಆಗ್ತದೋ ಅವರು ರಾತ್ರಿ ಅದರಾಗ ಬರೆಯೂದು, ಹೆಸರು ಹಾಕೂದಿಲ್ಲ. ಕಿಡಕಿ ಹತ್ತಿರದ ಕಾಟಿನ ಗಾದಿ ಕೆಳಗ ಇಡೂದು. ಉಳದವರು ಓದಿ ಕೆಳಗ ಬರೆಯೂದು. ಆರೇ ಮಂದಿ ಅಂದಮ್ಯಾಲೆ ಅಕ್ಷರ ನೋಡಿ ಯಾರು ಅಂತ ತಿಳದೇ ತಿಳೀತದ, ಆದ್ರೂ ತಿಳದಿಲ್ಲ ಅನ್ನೂಹಂಗ ಇರಬೇಕು. ಇದು ಅವರ ಕಾಯ್ದೆ. ಇನ್ನೊಂದು ಕಾಯ್ದೆ: 'ನೀ ಹಿಂಗ ಮಾಡಬೇಕಿತ್ತು' ಅನ್ನೂ ಮಾತು ಬರೆಯಂಗಿಲ್ಲ. (ಈ ಒಂದು ಕಾಯ್ದೆ ನಮ್ಮ ಮನ್ಯಾಗ ಜಾರಿ ಆದ್ರ ಅರ್ಧಕ್ಕರ್ಧ ಮಂದಿ ಮೂಕರಾಗ್ತಾರ.) ಮೂರನೇದ್ದು ಕೇಳ್ರಿ: ಯಾರರೆ ಸಾಯೂ ಮಾತು ಬರದ್ರ ಆ ಪುಟ ಗುಟ್ಟಲ್ಲ. ಮೊದಲು ಓದಿದಾಕಿ ಉಳದವರನ್ನ ಎಬ್ಬಿಸಬೇಕು, ಆ ರಾತ್ರಿ ಆಕಿನ್ನ ಒಬ್ಬಾಕಿನ್ನ ಬಿಡಬಾರದು, ಮರುದಿನ ಒಬ್ಬ ದೊಡ್ಡವರಿಗೆ ಹೇಳಲೇಬೇಕು. ಹದಿನೇಳು ವರ್ಷದ ಹುಡುಗ್ಯಾರು ತಾವೇ ಕೂತು ಮಾಡಿಕೊಂಡದ್ದು ಇದು.

ವಹಿ ನಾ ಓದಿಲ್ಲ. ನಮ್ಮ ಹುಡುಗಿ ಹೇಳಿದ್ದಷ್ಟು ಗೊತ್ತು. ಇಲ್ಲೆ ಹಾಕೂಕಿಂತ ಮೊದಲ ಇದನ್ನ ಆಕಿ ಕೈಯಾಗ ಕೊಟ್ಟು ಆರೂ ಮಂದಿಗೆ ಓದಿಸೀನಿ. ಎರಡು ಸಾಲು ತಗೀರಿ ಅಂದ್ರು, ತಗದೀನಿ.

ಒಬ್ಬಾಕಿ ಬರದಿದ್ದಳಂತ: ಹತ್ತನೇತ್ತದ ತನಕ ಕನ್ನಡ ಸಾಲ್ಯಾಗ ದ್ಯುತಿಸಂಶ್ಲೇಷಣೆ ಅಂತ ಓದಿದಾಕಿಗೆ ಇಲ್ಲೆ ಬಂದು ಫೋಟೋಸಿಂಥೆಸಿಸ್ ಅಂದಕೂಡ್ಲೆ ಬ್ಯಾರೆ ದೇಶಕ್ಕ ಇಳದಂಗಾತು, ಉತ್ತರ ಗೊತ್ತಿದ್ರೂ ಕೈ ಎತ್ತಲಿಕ್ಕೆ ಅಂಜಿಕಿ, ನಾ ದಡ್ಡಿ ಆಗೀನಿ ಅಂತ. ಕೆಳಗ ಒಬ್ಬಾಕಿ, 'ನಂದೂ ಅದೇ ಕತಿ, ಶಬ್ದದ ಪಟ್ಟಿ ಮಾಡಿ ಇಟ್ಟೀನಿ, ನಾಳೆ ತಗೋ' ಅಂತ. ಅದರ ಕೆಳಗ ಇನ್ನೊಬ್ಬಾಕಿ, 'ನಂದು ಒಂದನೇತ್ತದಿಂದ ಇಂಗ್ಲಿಷ್ ಮೀಡಿಯಂ, ನಂಗೂ ತಿಳಿಯಂಗಿಲ್ಲ, ಸಮಾಧಾನ ಮಾಡ್ಕೋ' ಅಂತ! ಮತ್ತೊಂದು ಪುಟದಾಗ, ಅಪ್ಪ ಎರಡು ಎಕರೆ ಹೊಲ ಒತ್ತಿ ಹಾಕಿ ಫೀ ತುಂಬ್ಯಾನ, ರ‍್ಯಾಂಕಿನ ಬೋರ್ಡ್ ನೋಡಿದಾಗೊಮ್ಮೆ ನಂಗ ಹೊಲಾ ಕಾಣ್ತದ ಅಂತ ಇತ್ತಂತ. ಅದಕ್ಕ ಏನು ಬರೀಬೇಕು ಯಾರಿಗೂ ತಿಳೀಲಿಲ್ಲ. ಐದೂ ಮಂದಿ ಒಂದೊಂದು ಗೀಟು ಎಳದು ಇಟ್ರಂತ, ಓದೀವಿ ಅನ್ನೂದಕ್ಕ ಗುರ್ತು. ನಾ ಆಗಿದ್ರ ಅಲ್ಲೆ ಒಂದು ಪುಟ ಉಪದೇಶ ಬರದು ಕೆಡಸ್ತಿದ್ದೆ.

ಒಂದು ರಾತ್ರಿ ಒಂದು ಪುಟ ಬಂತು. 'ಮುಂಜಾನೆ ಏಳೂದೇ ಬ್ಯಾಡ ಅನಸ್ತದ. ಇನ್ನ ಯಾವತ್ತೂ.' ಇಷ್ಟೇ.

ಮೂರನೇ ಕಾಯ್ದೆ ಜಾರಿ ಆತು. ಇಬ್ಬರು ಆಕಿ ಆಜೂಬಾಜೂ ಗಾದಿ ಹಾಸಿಕೊಂಡು ಮಲಗಿದ್ರು, ಮಲಗಿದ್ರಂದ್ರ ಎಚ್ಚರಿದ್ರು. ಮುಂಜಾನೆ ಮೆಸ್ಸಿನ್ಯಾಗ ಅಡಗಿ ಮಾಡೂ ಅಜ್ಜಿ ಹತ್ತಿರ ಮೊಬೈಲ್ ಇಸಗೊಂಡು ಆ ಹುಡುಗಿ ಅಕ್ಕಗ ಫೋನ್ ಮಾಡಿದ್ರು. ಹಚ್ಚಿದ್ದು ಯಾರು? ಆಕಿನೇ. ನಂಬರ್ ಒತ್ತೂತನಕ ಇವರು ಕೈ ಹಿಡಕೊಂಡು ನಿಂತಿದ್ರು. ಎರಡನೇ ದಿನಕ್ಕ ಅಕ್ಕ ಬಂದಳು, ಮನೋರೋಗದ ಡಾಕ್ಟರಿಗೆ ತೋರಿಸಿದಳು, ಔಷಧ ಸುರು ಆತು. ಹದಿನೈದು ದಿನ ಊರಾಗಿದ್ದು ತಿರುಗಿ ಬಂದಾಳ. ಈಗ ಕ್ಲಾಸಿಗೆ ಹೋಗ್ತಾಳ. ಇದನ್ನ ಬರೀರಿ ಅಂತ ಹೇಳಿದಾಕಿನೂ ಆಕಿನೇ.

ಇನ್ನ ದೊಡ್ಡವರ ಪಾಳಿ. ಆಕಿ ತಿರುಗಿ ಬಂದು ವಾರ ಆಗಿರಲಿಕ್ಕಿಲ್ಲ, ಮೊಬೈಲ್ ಹುಡುಕಲಿಕ್ಕೆ ಖೋಲಿ ಖೋಲಿ ಝಡತಿ ನಡೀತು. ಮೊಬೈಲ್ ಸಿಗಲಿಲ್ಲ, ವಹಿ ಸಿಕ್ತು. ಓದಿದ್ರು. ಓದಿ ಏನು ಮಾಡಬೇಕಿತ್ತು? ಬಾಗಲಾ ಹಾಕಿ ಆ ಹುಡುಗಿನ್ನ ಕೂಡಿಸಿಕೊಂಡು 'ಈಗ ಹೆಂಗಿದ್ದಿಯವ್ವಾ' ಅಂತ ಕೇಳಬೇಕಿತ್ತು. ಅದನ್ನ ಮಾಡಲಿಲ್ಲ. ಪಾಲಕರ ಸಭಾ ಕರದು, ಆರು ಹುಡುಗ್ಯಾರನ್ನ ಸಾಲಾಗಿ ನಿಲ್ಲಿಸಿ, ಎಲ್ಲಾರ ಮುಂದ ಪುಟ ತಿರುವಿ ತಿರುವಿ ಓದಿದ್ರು. ಹೊಲ ಒತ್ತಿ ಹಾಕಿದ ಅಪ್ಪನೂ ಆ ಸಭಾದಾಗ ಕೂತಿದ್ದ. ಆಮ್ಯಾಲೆ ಒಬ್ಬೊಬ್ಬರ ಕಡೆ ಮುಚ್ಚಳಿಕೆ ಬರಿಸಿಕೊಂಡ್ರು, 'ಇನ್ನ ಮುಂದ ಇಂಥಾ ನೆಗೆಟಿವ್ ವಿಚಾರ ಬರೆಯೂದಿಲ್ಲ' ಅಂತ. ನೋಡ್ರಿ ಮಜಾ, ಬರದದ್ದಕ್ಕ ಶಿಕ್ಷಾ ಏನಂದ್ರ ಮತ್ತ ಬರೆಯೂದು!

ಮುಂದಿನ ತಿಂಗಳು ಅದೇ ಹಾಸ್ಟೆಲ್ಲಿನ್ಯಾಗ 'ಸಕಾರಾತ್ಮಕ ಚಿಂತನೆ' ಅಂತ ಪ್ರಬಂಧ ಸ್ಪರ್ಧಾ ಇಟ್ರು. ನಮ್ಮ ಹುಡುಗಿಗೆ ಎರಡನೇ ಬಹುಮಾನ ಬಂತು, ಒಂದು ಸ್ಟೀಲಿನ ಡಬ್ಬಿ. 'ದೊಡ್ಡವ್ವಾ, ಅದರಾಗ ಒಂದು ಸಾಲೂ ಖರೆ ಇಲ್ಲ' ಅಂತ ನನ್ನ ಕೈಯಾಗ ಡಬ್ಬಿ ಕೊಟ್ಟಳು. ಸದ್ಯಕ್ಕ ಅದರಾಗ ಸಾಸಿವಿ ಹಾಕಿಟ್ಟೀನಿ.

ನನ್ನ ತಕರಾರು ಒಬ್ಬ ವಾರ್ಡನ್ ಮ್ಯಾಲೆ ಅಷ್ಟೇ ಅಲ್ಲ. ಆ ಸಭಾದಾಗ ಕೂತು 'ಛಲೋ ಮಾಡಿದ್ರಿ ಮ್ಯಾಡಂ' ಅಂದ ಪಾಲಕರ ಮ್ಯಾಲೂ ಅದ. ಸರಕಾರದ್ದೇ ಕಾಯ್ದೆ ಏನು ಹೇಳ್ತದ ಕೇಳ್ರಿ. 2017ರ ಮಾನಸಿಕ ಆರೋಗ್ಯ ಕಾಯ್ದೆದ 115ನೇ ಕಲಮು, ಜೀವ ಕಳಕೊಳ್ಳಲಿಕ್ಕೆ ಪ್ರಯತ್ನ ಮಾಡಿದವರು ತೀವ್ರ ಒತ್ತಡದಾಗ ಇದ್ರು ಅಂತಲೇ ಮೊದಲು ತಿಳಕೋಬೇಕು, ಅವರ ಮ್ಯಾಲೆ ಖಟ್ಲೆ ಹಾಕಬಾರದು, ಶಿಕ್ಷಾ ಕೊಡಬಾರದು, ಉಪಚಾರ ಕೊಡೂದು ಸರಕಾರದ ಕೆಲಸ ಅಂತದ. ಮಾಡಿದವರಿಗೇ ದೇಶ ಶಿಕ್ಷಾ ಕೊಡಂಗಿಲ್ಲ. ಬ್ಯಾಸರ ಆಗೇದ ಅಂತ ವಹ್ಯಾಗ ಬರದಾಕಿಗೆ ಹಾಸ್ಟೆಲ್ ಶಿಕ್ಷಾ ಕೊಡ್ತದ. ಯಾವ ಅಧಿಕಾರದ ಮ್ಯಾಲೆ?

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದಾಗ 2022ರ ಒಂದೇ ವರ್ಷ ದೇಶದೊಳಗ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044. ದಿನಕ್ಕ 35ರ ಮ್ಯಾಲೆ. ಈ ಲೆಕ್ಕ ಕಣ್ಣಮುಂದ ಇದ್ದಾಗ ನಾವು ಅಂಜಬೇಕಾದ್ದು ಬರೆಯೂ ಮಕ್ಕಳಿಗೋ, ಏನೂ ಬರೀದ, ಏನೂ ಹೇಳದ 'ಆರಾಮ ಇದ್ದೀನಿ' ಅನ್ನೂ ಮಕ್ಕಳಿಗೋ?

'ನಮ್ಮ ಕಾಲದಾಗ ಇವೆಲ್ಲಾ ಇದ್ದಿಲ್ಲ, ನಾವು ಸುಮ್ಮನ ಸೋಸಿಕೊಂಡು ಹೋದ್ವಿ' ಅಂತ ನಮ್ಮ ಎದುರಮನಿ ಕಾಕೂ ಅಂತಾರ. ಸುಳ್ಳು. ಇತ್ತು. ಬೀಸುಕಲ್ಲಿನ ಮುಂದ ಇತ್ತು. ಕೋಳಿ ಕೂಗೂ ಹೊತ್ತಿಗೆ ಎದ್ದು ಎದುರಾಬದರಾ ಕೂತು ಒಂದೇ ಗೂಟ ಹಿಡಕೊಂಡು ಇಬ್ಬರು ಹೆಣ್ಣಮಕ್ಕಳು ಜ್ವಾಳ ಬೀಸೋವಾಗ, ತವರಿನ ನೆನಪು, ಅತ್ತಿ ಕಾಟ, ಸತ್ತ ಕೂಸಿನ ದುಃಖ, ಎಲ್ಲಾ ಪದದಾಗ ಹೊರಗ ಬರ್ತಿತ್ತು. ಒಬ್ಬಾಕಿ ಕಟ್ಟಿದ್ರ ಇನ್ನೊಬ್ಬಾಕಿ ದನಿಗೂಡಿಸ್ತಿದ್ದಳು. ಅತ್ತಿ ಒಳಗಿನ ಖೋಲ್ಯಾಗ ಕೇಳಿಸಿಕೊಂಡ್ರೂ ಕೇಳದಂಗ ಮಲಗಿರ್ತಿದ್ದಳು, ಯಾಕಂದ್ರ ಪದ ಯಾರದ್ದೂ ಅಲ್ಲ, ಹೆಸರಿಲ್ಲ, ಅದು ಬೀಸೂ ಪದ. ವಿಜಾಪುರ ಜಿಲ್ಲಾದ ಹಲಸಂಗಿ ಗೆಳೆಯರು ಇಂಥಾವನ್ನ ಊರೂರು ತಿರುಗಿ ಕೂಡಿಸಿ 'ಗರತಿಯ ಹಾಡು' ಅಂತ ಅಚ್ಚು ಹಾಕಿಸಿದ್ರು. ಈಗ ಅದನ್ನ ಸಾಹಿತ್ಯ ಅಂತೀವಿ, ಶಾಲು ಹೊಚ್ಚಿ ವೇದಿಕೆ ಮ್ಯಾಲೆ ಹಾಡಸ್ತೀವಿ. ಅವರ ಮರಿಮೊಮ್ಮಗಳು ಅದನ್ನೇ ಲಾಂಗ್‌ಬುಕ್ಕಿನ್ಯಾಗ ಬರದ್ರ ಮುಚ್ಚಳಿಕೆ ಬರಿಸಿಕೋತೀವಿ.

ಇನ್ನ ದೊಡ್ಡವರ ಕಣ್ಣ ಮುಂದಿನ ಬರಹ ಹೆಂಗಿರ್ತಿತ್ತು ಅನ್ನೂದೂ ನನಗ ಗೊತ್ತದ. ನಮ್ಮ ಅಜ್ಜಿ ಟ್ರಂಕಿನ್ಯಾಗ ನಮ್ಮ ಸೋದರತ್ತಿ ಬರದ ಇನ್‌ಲ್ಯಾಂಡ್ ಪತ್ರ ಒಂದು ಕಟ್ಟು ಇದ್ವು. ಎಲ್ಲಾ ಪತ್ರದಾಗೂ ಒಂದೇ: ಇತ್ತ ಕಡೆ ಎಲ್ಲಾರೂ ಕ್ಷೇಮ, ಅತ್ತ ಕಡೆ ನಿಮ್ಮ ಕ್ಷೇಮ ಸಮಾಚಾರ ತಿಳಿಸುವುದು. ಅತ್ತಿ ಮನ್ಯಾಗ ಆಕಿ ಪತ್ರ ಮಾವ ಓದಿ ಅಂಟು ಹಚ್ಚಿದ ಮ್ಯಾಲೇ ಡಬ್ಬಿಗೆ ಬೀಳ್ತಿತ್ತು. ಹಂಗಾಗಿ ಹೋಗೋಕಿಂತ ಮೊದಲ ಅವ್ವನ ಜೋಡಿ ಮಾತಾಡಿಕೊಂಡಿದ್ದಳಂತ: 'ಹುಣಸಿಹಣ್ಣು ತೀರ್ಯಾವ' ಅಂತ ಬರದ್ರ ಅಣ್ಣನ್ನ ಕಳಸು, ಕರಕೊಂಡು ಹೋಗಲಿ ಅಂತ ಅರ್ಥ. ಎರಡು ಸಲ ತೀರಿದ್ವು ಹುಣಸಿಹಣ್ಣು. ಎರಡೂ ಸಲ ನಮ್ಮ ದೊಡ್ಡಪ್ಪ ಸೈಕಲ್ ಹೊಡಕೊಂಡು ಹೋಗಿ ಕರಕೊಂಡು ಬಂದಿದ್ದ.

ನಾ ಹೇಳೂದು ಇದೊಂದೇ. ಬರಹಕ್ಕ ಬಲ ಬರೂದು ಯಾರು ಓದ್ತಾರ ಅನ್ನೂದರ ಮ್ಯಾಲೆ, ಆ ಓದೂ ಮಂದಿನ್ನ ಬರೆಯೂವಾಕಿ ತಾನೇ ಆರಿಸಿಕೊಂಡಿರಬೇಕು. ಮಾವ ಓದ್ತಾನ ಅಂದಕೂಡ್ಲೆ ಅದು ಕ್ಷೇಮ ಸಮಾಚಾರ ಆಗ್ತದ. ವಾರ್ಡನ್ ಓದ್ತಾರ ಅಂದಕೂಡ್ಲೆ ಸಕಾರಾತ್ಮಕ ಚಿಂತನೆ ಆಗ್ತದ. ಡಾಯರಿ ಬರೀರಿ, ನಾ ವಾರಕ್ಕೊಮ್ಮೆ ತಪಾಸ್ತೀನಿ ಅನ್ನೂ ಅಪ್ಪಂದಿರೂ ಇದ್ದಾರ. ಅವರಿಗೆ ಡಾಯರಿ ಸಿಗ್ತದ, ಮಗಳು ಸಿಗಂಗಿಲ್ಲ.

ಬರದ್ರ ಏನಾಗ್ತದ್ರಿ, ಕಾಗದ ಹಾಳು ಅನ್ನೂವರಿಗೂ ಒಂದು ಮಾತು. ಅಮೆರಿಕಾದ ಮನಃಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್, ಸ್ಯಾಂಡ್ರಾ ಬೀಲ್ ಜೋಡಿ ಮಾಡಿದ ಒಂದು ಪ್ರಯೋಗ 1986ರಾಗ ಪ್ರಕಟ ಆತು. 46 ಕಾಲೇಜು ಹುಡುಗ-ಹುಡುಗ್ಯಾರು, ನಾಲ್ಕು ದಿನ, ದಿನಕ್ಕ 15 ನಿಮಿಷ ಬರೆಯೂದು. ಕೆಲವರು ಸಾದಾ ವಿಷಯ, ಕೆಲವರು ತಮ್ಮ ಜೀವನದಾಗಿನ ಭಾಳ ಕೆಟ್ಟ ಘಟನಾ. ಏನಾತು ಅನ್ನೂದರ ಜೋಡಿ ತಮಗ ಏನನಿಸ್ತು ಅನ್ನೂದನ್ನೂ ಬರದವರು ಬರದು ಎದ್ದಕೂಡ್ಲೆ ಜಾಸ್ತಿ ಬ್ಯಾಸರದಾಗಿದ್ರು, ಆದ್ರ ಮುಂದಿನ ಆರು ತಿಂಗಳು ಕಾಲೇಜಿನ ದವಾಖಾನಿಗೆ ಹೋದದ್ದು ಕಡಿಮಿ. ಆಮ್ಯಾಲೆ ಇಂಥಾ ಪ್ರಯೋಗ ಭಾಳ ಆಗ್ಯಾವ, ಕೆಲವದರಾಗ ಲಾಭ ಸಣ್ಣದು, ಕೆಲವದರಾಗ ಏನೂ ಇಲ್ಲ. ಇದನ್ನೂ ಹೇಳಬೇಕು, ಇಲ್ಲಂದ್ರ ನಾಳೆ ಯಾರರೆ 'ಬರವಣಿಗಿ ಥೆರಪಿ, ಹದಿನೈದು ದಿನದಾಗ ಗುಣ' ಅಂತ ಬೋರ್ಡ್ ಹಾಕಿ ಫೀ ಇಸಗೋತಾರ. ನನಗ ಅದರಾಗ ಹಿಡಿಸಿದ್ದು ಏನಂದ್ರ, ಬರದವರ ಹೆಸರು ಬರಹದ ಮ್ಯಾಲೆ ಇದ್ದಿಲ್ಲ, ಬರದದ್ದಕ್ಕ ಯಾರೂ ಮಾರ್ಕ್ಸ್ ಹಾಕಲಿಲ್ಲ, ಸಭಾ ಕರದು ಓದಲೂ ಇಲ್ಲ.

'ಒಬ್ಬಾಕಿ ಬರದದ್ದು ನೋಡಿ ಇನ್ನೊಬ್ಬಾಕಿ ಕೆಡ್ತಾಳ' ಅನ್ನೂ ಅಂಜಿಕಿ ಸುಳ್ಳು ಅಂತ ನಾ ಅನ್ನಂಗಿಲ್ಲ. ಪೇಪರಿನ್ಯಾಗ, ಟೀವ್ಯಾಗ ಹೆಂಗ ಸತ್ತರು ಅಂತ ಸವಿಸ್ತಾರ, ರಂಗ ಹಚ್ಚಿ ತೋರಿಸಿದ್ರ ಅದನ್ನ ನೋಡಿ ಮತ್ತೊಬ್ಬರು ಹಂಗ ಮಾಡಿಕೋತಾರ ಅನ್ನೂದು ಖರೆ ಅದ. ಆದ್ರ 'ನಿನಗ ಸಾಯಬೇಕು ಅನಸ್ತದೇನು' ಅಂತ ನೆಟ್ಟಗ ಕೇಳಿದ್ರ ಆ ವಿಚಾರ ತಲ್ಯಾಗ ಹೊಕ್ಕಂಗಿಲ್ಲ, ಕೇಳಿದ್ದಕ್ಕ ಎದಿ ಹಗುರಾಗ್ತದ ಅಂತನೇ ತಿಳದವರು ಹೇಳ್ತಾರ. ಆ ಐದು ಹುಡುಗ್ಯಾರು ಅದನ್ನೇ ಕೇಳಿದ್ದು. ಮನಿ ಟೀವ್ಯಾಗ ದಿನಾ ರಾತ್ರಿ ಅಪರಾಧದ ಧಾರಾವಾಹಿ ಹಚ್ಚಿ ಕೂಡೂ ನಾವು ವಹಿಗೆ ಅಂಜತೀವಿ!

ಇನ್ನೊಂದು ಆಕ್ಷೇಪಣಿಗೆ ಮಾತ್ರ ನಾ ತಲಿ ಬಾಗಸ್ತೀನಿ. ಇಷ್ಟು ಭಾರ ಮಕ್ಕಳ ಮ್ಯಾಲೆ ಹಾಕಬಹುದೇನು ಅಂತ. ಹಾಕಬಾರದು. ಎರಡು ರಾತ್ರಿ ಎಚ್ಚರಿದ್ದ ಆ ಹುಡುಗಿ ಆಮ್ಯಾಲೆ ನಾಲ್ಕು ದಿನ ಊಟ ಬಿಟ್ಟಿದ್ದಳಂತ. ಗೆಳತ್ಯಾರು ಡಾಕ್ಟರ್ ಅಲ್ಲ. ವಹಿ ಔಷಧ ಅಲ್ಲ. ನಿದ್ದಿ ಇಲ್ಲ, ಊಟ ಸೇರಂಗಿಲ್ಲ, ಯಾವುದರಾಗೂ ಮನಸಿಲ್ಲ ಅಂತ ವಾರಗಟ್ಟಲೆ ಆದ್ರ ಡಾಕ್ಟರಿಗೆ ತೋರಿಸಬೇಕು, ಸಾಯೂ ಮಾತು ಬಂದ್ರ ಅವತ್ತೇ. ಧಾರವಾಡದಾಗ ಡಿಮ್ಹಾನ್ಸ್ ಅದ, ಬೆಂಗಳೂರಾಗ ನಿಮ್ಹಾನ್ಸ್ ಅದ. 'ಇವನ್ನ ಧಾರವಾಡಕ್ಕ ಒಯ್ರಿ' ಅಂತ ನಗಚಾಟಿಕಿ ಮಾಡಿ ಮಾಡಿ ಆ ದವಾಖಾನಿ ಮೆಟ್ಟಲ ಹತ್ತಲಿಕ್ಕೆ ಮಂದಿ ನಾಚೂಹಂಗ ಮಾಡಿದವರೂ ನಾವೇ. 2022ರ ಅಕ್ಟೋಬರದಿಂದ ಸರಕಾರದ ಟೆಲಿ-ಮಾನಸ್ ಅಂತ ಒಂದು ಫೋನಿನ ಸೇವಾ ಅದ, 14416 ಒತ್ತಿದ್ರ ಸಾಕು, ರೊಕ್ಕ ಇಲ್ಲ, ಹಗಲು ರಾತ್ರಿ ಯಾವಾಗ ಬೇಕಾದ್ರೂ, ಕನ್ನಡದಾಗೇ ಮಾತಾಡ್ತಾರ. ಆದ್ರ ಫೋನೇ ಇಲ್ಲದ ಹಾಸ್ಟೆಲ್ಲಿನ್ಯಾಗ ಆ ನಂಬರ್ ಗ್ವಾಡಿಗೆ ಬರದು ಏನು ಉಪಯೋಗ? ಅಡಗಿ ಅಜ್ಜಿ ಮೊಬೈಲಿನ ಮ್ಯಾಲೆ ಎಷ್ಟು ಮಕ್ಕಳ ಜೀವ ನಿಂದರಿಸ್ತೀರಿ?

ದೊಡ್ಡವರ ಕೆಲಸ ಅಲ್ಲೆ ಅದ. ಬರೆಯೂ ಕೆಲಸ, ಓದೂ ಕೆಲಸ, ಗೀಟು ಎಳಿಯೂ ಕೆಲಸ ಅವರು ಮಾಡಿಕೋತಾರ, ನಮಗಿಂತ ಛಲೋ ಮಾಡ್ತಾರ. ಅವರ ಕೈಯಾಗ ಆಗಲಾರದ್ದು ನಮ್ಮ ಪಾಲಿಂದು: ಗಾಡಿ ಮಾಡಿ ದವಾಖಾನಿಗೆ ಕರಕೊಂಡು ಹೋಗೂದು, ಫೀ ಕಟ್ಟೂದು, ಪರೀಕ್ಷಾ ಒಂದು ವರ್ಷ ಹೋದ್ರ ಹೋಗ್ಲಿ ಅಂತ ಬಾಯಿಬಿಟ್ಟು ಅನ್ನೂದು. ಈ ಕಡೀದ್ದು ಅನ್ನಲಿಕ್ಕೆ ಭಾಳ ಕಠಿಣ, ನಂಗ ಗೊತ್ತದ. ಹೊಲ ಒತ್ತಿ ಹಾಕಿದ ಆ ಅಪ್ಪ ಅಂದಾನ. ಸಭಾ ಮುಗದಮ್ಯಾಲೆ ಹೊರಗ ಬಂದು, ಮಗಳ ಮುಂದ ನಿಂತು, 'ಹೊಲಾ ನಂದು, ಅದರ ಚಿಂತಿ ನಂದು, ನೀ ಬೋರ್ಡ್ ನೋಡಬ್ಯಾಡ' ಅಂದನಂತ. ಅಲ್ಲೆ ಇದ್ದವರೊಳಗ ಓದು ಬರಹ ಎಲ್ಲಾರಿಗಿಂತ ಕಡಿಮಿ ಬರೂದು ಅವಂಗೇ.

ವಹಿ ಇನ್ನೂ ಆಫೀಸಿನ ಕಪಾಟಿನ್ಯಾಗ ಅದ. ನಾನೂ ನಮ್ಮ ತಂಗಿನೂ ಹೋಗಿ ಕೇಳಿದ್ವಿ, 'ಪರೀಕ್ಷಾ ಮುಗೀಲಿ, ನೋಡೂಣು' ಅಂದ್ರು. ನೋಡೂದೇನದ ಅದರಾಗ, ಆಗಲೇ ಎಲ್ಲಾ ನೋಡಿ ಆಗೇದಲ್ಲ. ಈಗ ಒಂದು ಅರ್ಜಿ ಬರದೀನಿ. ವಹಿ ಹುಡುಗ್ಯಾರ ಕೈಗೆ ಕೊಡಬೇಕು, ಮುಚ್ಚಳಿಕೆ ಹರದು ಹಾಕಬೇಕು, ಹೆಸರು ಹಚ್ಚಿದ ರ‍್ಯಾಂಕಿನ ಬೋರ್ಡ್ ತಗೀಬೇಕು, ಯಾರ ಪರವಾನಿಗಿ ಇಲ್ಲದ ಮಾತಾಡೂಹಂಗ ವರಾಂಡಾದಾಗ ಒಂದು ಫೋನ್ ಇಡಬೇಕು, ಅದರ ಮಗ್ಗಲಿಗೆ 14416 ಅಂತ ದಪ್ಪಕ್ಷರದಾಗ ಬರೀಬೇಕು. ಕೆಳಗ ಪಾಲಕರ ಸಹಿ. 'ಛಲೋ ಮಾಡಿದ್ರಿ ಮ್ಯಾಡಂ' ಅಂದವರೊಳಗಿನ ಇಬ್ಬರು ಸೈತ ಹಾಕ್ಯಾರ. ಇವತ್ತಿಗೆ ಹನ್ನೊಂದು ಆಗ್ಯಾವ, ಬರೂ ರವಿವಾರ ಸಭಾ ಅದ, ಅಷ್ಟರಾಗ ಇಪ್ಪತ್ತು ಮಾಡೂ ವಿಚಾರ.